ಕಾಕತಾಳೀಯ: ನಾಲ್ಕು ತಾಲೂಕುಗಳ ಚರಿತ್ರೆಯಲ್ಲಿ ಕೆಲವು ಅಚ್ಚರಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳೆಯ ಶಾಲಾ ದಾಖಲಾತಿ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳದೆ ಇರದು. ಊರಿನ ಮಕ್ಕಳಲ್ಲಿ ಬಹಳಷ್ಟು ಮಂದಿ ಜೂನ್ 1ರಂದೇ ಜನಿಸಿದ್ದಾರೆ! ಅಣ್ಣನೂ ಜೂನ್ 1, ತಮ್ಮನೂ ಜೂನ್ 1, ನೆರೆಮನೆಯವನೂ ಜೂನ್ 1. ವರ್ಷ ಮಾತ್ರ ಬೇರೆ. ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಯ ಕಾಗದಪತ್ರಗಳನ್ನು ಸಿದ್ಧಪಡಿಸುವ ಗುರುಗಳಿಗಂತೂ ಇದು ಚಿರಪರಿಚಿತ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ದಿನ, ಶಾಲೆಯ ಪ್ರಮಾಣಪತ್ರದಲ್ಲಿ ಇನ್ನೊಂದು ದಿನ. ಮದುವೆಗೆ ಇದರಿಂದ ಅಡ್ಡಿಯಾಗದು. ಪಾಸ್‌ಪೋರ್ಟು, ಪಿಂಚಣಿಗಳ ವೇಳೆಗೆ ಮಾತ್ರ ಕಚೇರಿಯಿಂದ ಕಚೇರಿಗೆ ಅಲೆದಾಟ ತಪ್ಪದು.

ಕಾರಣ ಬಹಳ ಸರಳ. ಮಗುವನ್ನು ಕೈಹಿಡಿದು ಶಾಲೆಗೆ ಕರೆತಂದ ತಂದೆಯನ್ನು ಮಾಸ್ತರರು ಹುಟ್ಟಿದ ದಿನ ಕೇಳಿದಾಗ, “ಕಾರಹುಣ್ಣಿವಿ ಆಗಿ ಎಂಟ್ ದಿನಕ್ಕ ಹುಟ್ಟ್ಯಾನ್ರೀ, ಆ ವರ್ಷ ಮಳಿ ಭಾಳ ಆಗಿತ್ತು” ಎಂಬ ಬಗೆಯ ಉತ್ತರ ಬರುತ್ತಿತ್ತು. ಅದನ್ನು ಇಂಗ್ಲಿಷ್ ತಿಂಗಳಿಗೆ ಇಳಿಸುವ ಗೋಜಿಗೆ ಹೋಗದ ಮಾಸ್ತರರು, ಶಾಲೆ ಆರಂಭವಾಗುವ ತಿಂಗಳ ಮೊದಲ ದಿನವನ್ನೇ ಬರೆದು, ಪ್ರವೇಶಕ್ಕೆ ಬೇಕಾದಷ್ಟು ವಯಸ್ಸನ್ನು ತುಂಬಿಸಿಬಿಡುತ್ತಿದ್ದರು. ಜನನ ಮರಣಗಳ ನೋಂದಣಿ ಕಾಯ್ದೆ 1969ರಲ್ಲೇ ಬಂದರೂ ಅದು ಹಳ್ಳಿಯ ಹೊಸ್ತಿಲು ತಲುಪಲು ಬಹಳ ಕಾಲ ಹಿಡಿಯಿತು. ಹೀಗೆ ಒಂದು ತಲೆಮಾರಿಗೆ ತಲೆಮಾರೇ ಒಂದೇ ದಿನ ಹುಟ್ಟಿತು.

ಹೊರನೋಟಕ್ಕೆ ಪವಾಡವೆನಿಸುವ ಎಷ್ಟೋ ಹೊಂದಾಣಿಕೆಗಳ ಹಿಂದೆ ಇಂಥ ಒಬ್ಬ ಮಾಸ್ತರರು ಕುಳಿತಿರುತ್ತಾರೆ. ಇನ್ನು ಕೆಲವುಗಳ ಹಿಂದೆ ಯಾರೂ ಇರುವುದಿಲ್ಲ, ಬರೀ ಲೆಕ್ಕವಿರುತ್ತದೆ. ಪ್ರಿಯ ಓದುಗರೇ, ಒಂದು ಕೋಣೆಯಲ್ಲಿ ಎಷ್ಟು ಜನ ಸೇರಿದರೆ ಅವರಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚಾಗುತ್ತದೆ, ಬಲ್ಲಿರಾ? ವರ್ಷಕ್ಕೆ 365 ದಿನವಿರುವುದರಿಂದ ಕಡಿಮೆಯೆಂದರೂ 180 ಜನ ಬೇಕೆಂದು ಹೆಚ್ಚಿನವರು ಹೇಳುತ್ತಾರೆ. ನಿಜವಾದ ಉತ್ತರ 23. ಏಕೆಂದರೆ 23 ಜನರಲ್ಲಿ ಇಬ್ಬಿಬ್ಬರ ಜೋಡಿಗಳನ್ನು ಮಾಡುತ್ತ ಹೋದರೆ 253 ಜೋಡಿಗಳಾಗುತ್ತವೆ. ಪ್ರತಿಯೊಂದು ಜೋಡಿಯೂ ಒಂದೊಂದು ಅವಕಾಶ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ 40 ಮಕ್ಕಳ ತರಗತಿಯಲ್ಲಿ ಈ ಸಂಭವ ನೂರಕ್ಕೆ ಸುಮಾರು 89ರಷ್ಟಾಗುತ್ತದೆ. ಸಂಶಯವಿದ್ದವರು ಮುಂದಿನ ಭಾನುವಾರವೇ ಮಕ್ಕಳನ್ನು ಕೇಳಿ ಪರೀಕ್ಷಿಸಬಹುದು. ಹಿರಿಯರನ್ನು ಕೇಳಬೇಡಿ, ಅಲ್ಲಿ ಜೂನ್ 1ರ ಕಾಟವಿದೆ.

ಈ ಬಗೆಯ ಸಂಗತಿಗೆ ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಪದವಿದೆ: ಕಾಕತಾಳೀಯ. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು ಎಂಬುದು ಅದರ ಮೂಲ. ಕಾಗೆಯ ಭಾರಕ್ಕೆ ಹಣ್ಣು ಬಿದ್ದಿತೇ, ಬೀಳುವ ಹಣ್ಣಿನ ಮೇಲೆ ಕಾಗೆ ಕುಳಿತಿತೇ ಎಂದು ತರ್ಕಶಾಸ್ತ್ರಜ್ಞರು ವಾದಿಸಲಿ. ಚರಿತ್ರೆಯನ್ನು ಓದುವವನು ಮೊದಲು ನೋಡಬೇಕಾದುದು ಕಾಗೆ ನಿಜವಾಗಿಯೂ ಕುಳಿತಿತ್ತೇ ಎಂಬುದನ್ನು. ವಿಜಯಪುರ ಜಿಲ್ಲೆಯ ಈ ಭಾಗ ಬರಡು ನೆಲ, ಇಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆದಿಲ್ಲ ಎಂದು ನಮ್ಮ ಮಕ್ಕಳೇ ಹೇಳುವುದನ್ನು ಕೇಳುತ್ತೇವೆ. ದುಡಿಮೆಗಾಗಿ ಗೋವೆಗೋ ಪುಣೆಗೋ ಹೋದವರು ತಮ್ಮ ಊರಿನ ಹೆಸರನ್ನು ಹೇಳಲು ಸಂಕೋಚಪಡುವುದೂ ಉಂಟು. ಅವರಿಗಾಗಿಯಾದರೂ ಈ ನೆಲದ ಕೆಲವು ಅಚ್ಚರಿಗಳನ್ನು, ಕಾಗೆ ಕುಳಿತಿತ್ತೆಂದು ಖಚಿತವಾದವುಗಳನ್ನು, ಇಲ್ಲಿ ಬರೆಯುತ್ತಿದ್ದೇನೆ.

ತಾಳೆಯ ಮಾತು ಬಂದುದರಿಂದ ತಾಳಿಕೋಟೆಯಿಂದಲೇ ತೊಡಗೋಣ. ಹಿಂದೆ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಈ ಊರಿನ ಹೆಸರು ಭಾರತದ ಚರಿತ್ರೆಯ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ವಿಜಯನಗರ ಸಾಮ್ರಾಜ್ಯದ ಬೆನ್ನು ಮುರಿದ 1565ರ ಮಹಾಯುದ್ಧ ತಾಳಿಕೋಟೆಯ ಯುದ್ಧವೆಂದೇ ಪ್ರಸಿದ್ಧ. ಆದರೆ ಆ ಯುದ್ಧ ತಾಳಿಕೋಟೆಯಲ್ಲಿ ನಡೆಯಲಿಲ್ಲ. ದಖ್ಖನಿನ ಸುಲ್ತಾನರ ಸೈನ್ಯಗಳು ಡೋಣಿ ನದಿಯ ದಡದ ಈ ಊರಿನ ಬಳಿ ಒಟ್ಟುಗೂಡಿದವು, ಅಷ್ಟೆ. ಅಲ್ಲಿಂದ ಹಲವು ಮೈಲಿ ದಕ್ಷಿಣಕ್ಕೆ ನಡೆದು, ಕೃಷ್ಣೆಯನ್ನು ದಾಟಿದ ಮೇಲೆಯೇ ಕಾಳಗವಾಯಿತೆಂಬುದು ಬಹುತೇಕ ಇತಿಹಾಸಕಾರರ ಅಭಿಪ್ರಾಯ. ಕನ್ನಡದಲ್ಲಿ ಇದಕ್ಕೆ ರಕ್ಕಸತಂಗಡಿಯ ಯುದ್ಧವೆಂಬ ಇನ್ನೊಂದು ಹೆಸರುಂಟು. ಆ ಹೆಸರಿನ ಊರು ಭೂಪಟದಲ್ಲಿ ಎಷ್ಟು ಹುಡುಕಿದರೂ ಸಿಗದು. ರಕ್ಕಸಗಿ ಒಂದು ಊರು, ತಂಗಡಗಿ ಇನ್ನೊಂದು. ಎರಡನ್ನೂ ಸೇರಿಸಿ ಜನ ಯುದ್ಧಕ್ಕೊಂದು ಹೆಸರು ಕಟ್ಟಿದರು. ಹೀಗೆ ನಮ್ಮ ನಾಡಿನ ಅತಿ ದೊಡ್ಡ ಯುದ್ಧಕ್ಕೆ ಒಂದು ಹೆಸರು ಅದು ನಡೆಯದ ಊರಿನದು, ಇನ್ನೊಂದು ಹೆಸರು ಇಲ್ಲದ ಊರಿನದು.

ಆ ತಂಗಡಗಿಯ ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಮುದ್ದೇಬಿಹಾಳ ತಾಲೂಕಿನ, ಕೃಷ್ಣೆಯ ದಡದ ಈ ಹಳ್ಳಿ ಯುದ್ಧಕ್ಕೆ ನಾಲ್ಕು ಶತಮಾನ ಮೊದಲೇ ಬೇರೊಂದು ಕಾರಣಕ್ಕೆ ಹೆಸರಾಗಿತ್ತು. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆ ಕಲ್ಯಾಣದಿಂದ ಕೂಡಲಸಂಗಮದತ್ತ ಹೊರಟು, ಪತಿ ಐಕ್ಯರಾದ ವಾರ್ತೆ ತಿಳಿದು, ಇಲ್ಲಿಯೇ ಐಕ್ಯರಾದರೆಂದು ಶರಣ ಪರಂಪರೆ ನಂಬುತ್ತದೆ. ನೀಲಮ್ಮನ ಗುಡಿಗೆ ಭಕ್ತರು ಇಂದಿಗೂ ಬರುತ್ತಾರೆ. ಒಂದೇ ಊರಿನ ಹೆಸರು ಒಂದು ಬಾಯಲ್ಲಿ ಮೌನವಾಗಿ ಪ್ರಾಣಬಿಟ್ಟ ಒಬ್ಬ ಸತಿಯನ್ನೂ, ಇನ್ನೊಂದು ಬಾಯಲ್ಲಿ ಸಾವಿರಾರು ಸೈನಿಕರ ಸಾವನ್ನೂ ನೆನಪಿಸುತ್ತದೆ.

ಯುದ್ಧದ ದಿನಾಂಕ 1565ರ ಜನವರಿ 23 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಹಳೆಯ ಜೂಲಿಯನ್ ಪಂಚಾಂಗದ ದಿನಾಂಕ. ಮುಂದೆ 1582ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಪಂಚಾಂಗವನ್ನು ತಿದ್ದಿ, ಅಕ್ಟೋಬರ್ ತಿಂಗಳಿಂದ ಹತ್ತು ದಿನಗಳನ್ನು ತೆಗೆದುಹಾಕಿದರು. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿಯೇ. ಅಕ್ಟೋಬರ್ 4ರ ರಾತ್ರಿ ಪ್ರಾಣಬಿಟ್ಟ ಆ ಪುಣ್ಯವತಿಯನ್ನು ಮರುದಿನ ಸಮಾಧಿ ಮಾಡಿದಾಗ ದಿನಾಂಕ ಅಕ್ಟೋಬರ್ 15 ಆಗಿತ್ತು. ಅವರ ಹಬ್ಬವೂ ಅದೇ ದಿನ. ಈಗ ಆ ಹತ್ತು ದಿನಗಳನ್ನು ಜನವರಿ 23ಕ್ಕೆ ಕೂಡಿಸಿ ನೋಡಿ. ಫೆಬ್ರವರಿ 2 ಬರುತ್ತದೆ, ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬದ ದಿನ, ನಾವು ಮೇಣದ ಬತ್ತಿಗಳನ್ನು ಆಶೀರ್ವದಿಸುವ ದಿನ! ಇದರಲ್ಲಿ ದೈವಸಂಕೇತವನ್ನು ಕಾಣಲು ಯಾರಾದರೂ ಹೊರಟರೆ ನಾನು ಒಪ್ಪಲಾರೆ. ನಮ್ಮ ಪೂಜಾವಿಧಿಯ ಪಂಚಾಂಗದಲ್ಲಿ ಸಂತರ ಸ್ಮರಣೆಯಿಲ್ಲದ ದಿನ ಬಹಳ ಕಡಿಮೆ. ಯಾವ ಘಟನೆಯನ್ನು ತಂದು ಅದರ ಮುಂದೆ ಹಿಡಿದರೂ ಏನಾದರೊಂದು ಹಬ್ಬ ಹೊಂದಿಯೇ ಹೊಂದುತ್ತದೆ. ಇದು ಅಗ್ಗದ ಅಚ್ಚರಿ.

ಆ ಯುದ್ಧದ ನಿಜವಾದ ಅಚ್ಚರಿ ಬೇರೆಯೇ ಇದೆ. ವಿಜಯಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಸ್ತಾ ಬರೆದಿರುವಂತೆ, ರಾಮರಾಯನ ಮಗನೊಬ್ಬ ತೀರಿಕೊಂಡಾಗ ಸುಲ್ತಾನ ಅಲಿ ಆದಿಲಶಾಹನು ಸಣ್ಣ ಪರಿವಾರದೊಂದಿಗೆ ಸ್ವತಃ ವಿಜಯನಗರಕ್ಕೆ ಹೋಗಿ ಸಂತಾಪ ಸೂಚಿಸಿದನು. ಮಗನನ್ನು ಕಳೆದುಕೊಂಡ ರಾಮರಾಯನ ರಾಣಿ ಅವನನ್ನೇ ತನ್ನ ಮಗನೆಂದು ಸ್ವೀಕರಿಸಿದಳು. ಆದರೆ ಬೀಳ್ಕೊಡುವಾಗ ರಾಮರಾಯನು ನಗರದ ಹೊರಗಿನವರೆಗೆ ಬರಲಿಲ್ಲವೆಂಬ ಅವಮಾನ ಸುಲ್ತಾನನ ಮನಸ್ಸಿನಲ್ಲಿ ಉಳಿಯಿತಂತೆ. ಮುಂದೆ ಯುದ್ಧಭೂಮಿಯಲ್ಲಿ ಆ ಸಾಕುತಂದೆಯ ಎದುರು ಪಕ್ಷದಲ್ಲಿ ಆ ಸಾಕುಮಗನಿದ್ದನು. ಮನೆಮನೆಯ ಜಗಳಗಳನ್ನು ಕಂಡಿರುವ ನಮಗೆ ಇದು ಕಾಕತಾಳೀಯವೆನಿಸದು.

ಅದೇ ಫಿರಿಸ್ತಾ ಇನ್ನೊಂದು ಸಂಗತಿ ಹೇಳುತ್ತಾನೆ. ಅಹಮದನಗರದ ತೋಪಿನ ದಳದ ಅಧಿಪತಿ ರೂಮಿಖಾನನು, ಶತ್ರುಗಳು ಹತ್ತಿರ ಬರುವವರೆಗೂ ಕಾದು, ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಿದನು. ಸಂತೆಯಲ್ಲಿ ಉಪ್ಪು, ಎಣ್ಣೆ ಕೊಳ್ಳಲು ಬಳಸುವ ಪುಡಿಗಾಸು ಅಂದು ಮನುಷ್ಯರ ಮೈಯನ್ನು ಸೀಳಿತು. ಇಂದು ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು; ತಾಳಿಕೋಟೆಯ ಕಾಳಗದಲ್ಲಿ ಅದೂ ಇತ್ತೆಂಬ ಪ್ರತೀತಿಯಿದೆ. ಆ ಪ್ರತೀತಿ ಹೇಗಾದರೂ ಇರಲಿ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಉಪಯೋಗವಿಲ್ಲದ ಹಳೆಯ ತೋಪುಗಳನ್ನು ಹರಾಜು ಹಾಕಿದಾಗ ಸುಮಾರು 55 ಟನ್ ತೂಕದ ಈ ತೋಪಿಗೆ ಬಂದ ಅತಿ ಹೆಚ್ಚಿನ ಬೆಲೆ 150 ರೂಪಾಯಿ! ಅದು ತೀರ ಕಡಿಮೆಯಾಯಿತೆಂದು ಹರಾಜು ಕೈಬಿಟ್ಟರು. ಹಣವನ್ನೇ ಗುಂಡಾಗಿ ಉಗುಳಿದ ಕಾಲದ ತೋಪೊಂದು ತನಗೆ ಸಾಕಷ್ಟು ಹಣ ಹುಟ್ಟದ ಕಾರಣಕ್ಕೇ ಉಳಿದುಕೊಂಡಿತು.

ವಿಜಯನಗರ, ವಿಜಯಪುರ ಎರಡಕ್ಕೂ ಅರ್ಥ ಒಂದೇ, ಗೆಲುವಿನ ಪಟ್ಟಣ. 1565ರಲ್ಲಿ ಒಂದು ಗೆಲುವಿನ ಪಟ್ಟಣವನ್ನು ಇನ್ನೊಂದು ಗೆಲುವಿನ ಪಟ್ಟಣ ಸೋಲಿಸಿತು. ಗೆದ್ದ ಪಟ್ಟಣ 121 ವರ್ಷಗಳ ನಂತರ, 1686ರಲ್ಲಿ, ಔರಂಗಜೇಬನಿಗೆ ಸೋತಿತು. ಮರುವರ್ಷ ಗೋಲ್ಕೊಂಡವೂ ಬಿದ್ದಿತು. ಬಿಜಾಪುರವೆಂದು ಸವೆದು ಹೋಗಿದ್ದ ಹೆಸರು 2014ರ ನವೆಂಬರ್ 1ರಿಂದ ಮತ್ತೆ ವಿಜಯಪುರವಾಯಿತು.

ಈ ಜಿಲ್ಲೆಯನ್ನು ಪಂಚನದಿಗಳ ಬೀಡು ಎಂದು ಕರೆಯುವ ರೂಢಿಯಿತ್ತು: ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆ, ಡೋಣಿ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಆ ಲೆಕ್ಕ ಬದಲಾಯಿತು, ಅದಿರಲಿ. ಐದು ನದಿಗಳಿದ್ದ ಈ ನಾಡೇ ನಮ್ಮ ರಾಜ್ಯದ ಅತಿ ಹೆಚ್ಚು ಬರ ಕಂಡ ನಾಡುಗಳಲ್ಲೊಂದು ಎಂಬುದನ್ನು ಹೊರಗಿನವರು ನಂಬಲು ಕಷ್ಟಪಡುತ್ತಾರೆ. ಕಾರಣ ಕಣ್ಣೆದುರೇ ಇದೆ. ನದಿಗಳು ತಗ್ಗಿನಲ್ಲಿ ಹರಿದವು, ಹೊಲಗಳು ಎತ್ತರದಲ್ಲಿ ಒಣಗಿದವು. ಡೋಣಿಯ ನೀರಂತೂ ಉಪ್ಪು. ಆದರೆ ಅದರ ದಂಡೆಯ ಕಪ್ಪು ಮಣ್ಣಿನಷ್ಟು ಚೆನ್ನಾಗಿ ಬಿಳಿಜೋಳ ಬೆಳೆಯುವ ನೆಲ ಅಪರೂಪ. 1876ರಿಂದ 78ರ ಮಹಾಕ್ಷಾಮದಲ್ಲಿ ಆ ಮಣ್ಣೂ ಕೈಕೊಟ್ಟಿತು. ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶದ ಜನಸಂಖ್ಯೆ 1872 ಮತ್ತು 1881ರ ಎರಡು ಗಣತಿಗಳ ನಡುವೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು. ಸತ್ತವರು ಎಷ್ಟೋ, ಗುಳೆ ಹೋಗಿ ಮರಳದವರು ಎಷ್ಟೋ. ಆ ಅನಾಹುತದ ನಂತರದ ದಶಕದಲ್ಲೇ ಇಂಡಿ, ವಿಜಯಪುರಗಳ ಮಾರ್ಗವಾಗಿ ಹೊಟಗಿ–ಗದಗ ರೈಲು ಬಂದಿತು. ಇಂದು ಅದೇ ಒಣನೆಲದ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನೀರಿಲ್ಲದ ನಾಡಿನಿಂದ ರಸಭರಿತ ಹಣ್ಣು ಹೊರನಾಡುಗಳಿಗೆ ಹೋಗುತ್ತಿದೆ.

ಬರಕ್ಕೆ ಪರಿಹಾರವೆಂದು ಕೃಷ್ಣಾ ಮೇಲ್ದಂಡೆ ಯೋಜನೆ ಹುಟ್ಟಿತು. ಆಲಮಟ್ಟಿ ಆಗ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲೂಕಿನಲ್ಲಿದೆ. ಅಲ್ಲಿ 1964ರ ಮೇ 22ರಂದು ಅಡಿಗಲ್ಲು ಇಟ್ಟವರು ಕೇಂದ್ರದಲ್ಲಿ ಖಾತೆಯಿಲ್ಲದ ಮಂತ್ರಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಐದು ದಿನಗಳ ನಂತರ, ಮೇ 27ರಂದು, ನೆಹರೂ ನಿಧನರಾದರು. ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಿಯಾದರು. ಆಲಮಟ್ಟಿಯಲ್ಲಿ ಕಲ್ಲಿಟ್ಟ ಖಾತೆಯಿಲ್ಲದ ಮಂತ್ರಿ ಮೂರು ವಾರ ತುಂಬುವುದರೊಳಗೆ ದೇಶದ ಹೊಣೆ ಹೊತ್ತಿದ್ದರು. ಆದರೆ ಕಲ್ಲು ಅಷ್ಟು ಬೇಗ ಏಳಲಿಲ್ಲ. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು, 42 ವರ್ಷಗಳ ಮೇಲೆ. ಅಡಿಗಲ್ಲಿನ ವರ್ಷ ಹುಟ್ಟಿದ ಮಕ್ಕಳಿಗೆ ಅಷ್ಟರಲ್ಲಿ ಮಕ್ಕಳಾಗಿದ್ದರು. ನೀರು ನಿಂತಾಗ ಎಷ್ಟೋ ಊರುಗಳೂ ಹಳೆಯ ಬಾಗಲಕೋಟೆಯ ಬಹುಭಾಗವೂ ಮುಳುಗಿದವು. ಬರಕ್ಕೆ ಹೆದರಿ ಊರು ಬಿಡುತ್ತಿದ್ದ ನಾಡಿನಲ್ಲಿ ಜನರು ಮೊದಲ ಬಾರಿಗೆ ನೀರಿಗಾಗಿ ಊರು ಬಿಟ್ಟರು. ಅವರ ಮನೆಗಳಿಗೆ ಹೋಗಿ ಕುಳಿತವರಿಗೆ ಮಾತ್ರ ಗೊತ್ತು, ಪರಿಹಾರದ ಹಣ ಮನೆಯ ಗೋಡೆಯಷ್ಟೇ, ಅಂಗಳದ ಬೇವಿನ ಮರದಷ್ಟಲ್ಲ.

ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ, ಅವರು ಐಕ್ಯರಾದದ್ದು ಕೂಡಲಸಂಗಮದಲ್ಲಿ. ಕೆಳಗಿನ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಈ ಸಂಗಮವನ್ನು ಸುತ್ತುವರಿದಾಗ, ಐಕ್ಯಮಂಟಪದ ಸುತ್ತ ಬಾವಿಯಂತಹ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಭಕ್ತರು ನೀರಿನ ಮಟ್ಟಕ್ಕಿಂತ ಕೆಳಕ್ಕೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಆ ಜಲಾಶಯದ ಹೆಸರು ಬಸವಸಾಗರ.

ಬಸವಾದಿ ಶರಣರ ವಚನಗಳು ನಮ್ಮ ಕೈಸೇರಿದ್ದೂ ಒಂದು ತಾಳೆಯ ಕಥೆಯೇ. ಅವು ಶತಮಾನಗಳ ಕಾಲ ತಾಳೆಗರಿಗಳಲ್ಲಿ, ಬಟ್ಟೆಯಲ್ಲಿ ಸುತ್ತಿ, ಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಅವನ್ನು ಮನೆಮನೆಯಿಂದ ಹುಡುಕಿ ತಂದು, ಪ್ರತಿ ಮಾಡಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ತಮ್ಮದೇ ಮುದ್ರಣಾಲಯ ತೆರೆದರು, ‘ಶಿವಾನುಭವ’ ಪತ್ರಿಕೆ ನಡೆಸಿದರು. ಅವರು ತೀರಿಕೊಂಡದ್ದು ಆಲಮಟ್ಟಿಗೆ ಅಡಿಗಲ್ಲು ಬಿದ್ದ ಐದೇ ವಾರಗಳಲ್ಲಿ, 1964ರ ಜೂನ್ 29ರಂದು. ಸಂತ ಪೇತ್ರ ಪೌಲರ ಹಬ್ಬ ಎಂದು ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ, ಇದೂ ಅದೇ ಅಗ್ಗದ ಲೆಕ್ಕ. ಹಳಕಟ್ಟಿಯವರು ಉಳಿಸಿದ ವಚನಗಳ ಮುಂದಿನ ದೊಡ್ಡ ಸಂಪಾದನೆಯಲ್ಲಿ, ಸಮಗ್ರ ವಚನ ಸಂಪುಟಗಳಲ್ಲಿ, ಪ್ರಧಾನ ಸಂಪಾದಕರಾಗಿ ದುಡಿದ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನ ಮಣ್ಣಿನ ಮಗ, 1938ರಲ್ಲಿ ಜನಿಸಿದವರು. ಕಲ್ಲನ್ನೂ ಓಲೆಯನ್ನೂ ಓದುತ್ತ ಬಾಳಿದ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರಂದು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಹಿಂದೆ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿ ಎಂಬ ಹಳ್ಳಿಯಲ್ಲಿ ಕೆಲವು ಗೆಳೆಯರು ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಅವರಲ್ಲಿ ಹಿರಿಯ ಕವಿ ಮಧುರಚೆನ್ನರು, ಶ್ರೀ ಅರವಿಂದರ ಭಕ್ತರು. ಅರವಿಂದರು ಹುಟ್ಟಿದ್ದು 1872ರ ಆಗಸ್ಟ್ 15ರಂದು. ಅವರ 75ನೆಯ ಜನ್ಮದಿನದಂದೇ ಭಾರತ ಸ್ವತಂತ್ರವಾಯಿತು. ಮಧುರಚೆನ್ನರು 1953ರಲ್ಲಿ, 50 ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಕಣ್ಣುಮುಚ್ಚಿದರು. ಆ ದಿನವೂ ಆಗಸ್ಟ್ 15. ನಮಗದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವದ ದಿನ. ಲೆಕ್ಕದ ಮಾತನ್ನು ಇಷ್ಟು ಹೊತ್ತು ಆಡಿದ ನಾನು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಬಯಸುತ್ತೇನೆ. ಗುರುವಿನ ಜನ್ಮದಿನದಂದು ಶಿಷ್ಯ ತೀರಿಕೊಳ್ಳುವ ಸಂಭವ 365ರಲ್ಲಿ ಒಂದು, ಅಷ್ಟೇ ನಿಜ. ಆದರೆ ಹಲಸಂಗಿಯ ಗೆಳೆಯರಿಗೆ ಅಂದು ಆ ಲೆಕ್ಕ ಬೇಕಾಗಿರಲಾರದು.

ಕೊನೆಗೆ ಉಳಿಸಿಕೊಂಡದ್ದು ಇಂಡಿ ತಾಲೂಕಿನ ಸಾಲೋಟಗಿಯ ಕಲ್ಲುಕಂಬ. ನಲಂದದ ಹೆಸರು ಕೇಳದ ಶಾಲಾಬಾಲಕನಿಲ್ಲ. ಸಾಲೋಟಗಿಯ ಹೆಸರು ಇಂಡಿಯ ಬಾಲಕನಿಗೂ ತಿಳಿಯದು. ಶಕ 867, ಅಂದರೆ ಕ್ರಿ.ಶ. 945ರ ಈ ಶಾಸನ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ಆತನ ಮಂತ್ರಿ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ವಾಸಕ್ಕೆ 27 ಮನೆಗಳು. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ. ನಿವರ್ತನವೆಂಬುದು ಅಂದಿನ ಭೂಮಿಯ ಅಳತೆ. ರಾತ್ರಿ ಓದಲು ದೀಪ ಬೇಕಲ್ಲವೇ? ಎಣ್ಣೆಗೆಂದೇ 12 ನಿವರ್ತನ ಬೇರೆಯಾಗಿ ತೆಗೆದಿರಿಸಿದ್ದರು. ಇಂದಿನ ಎಷ್ಟು ವಿದ್ಯಾರ್ಥಿನಿಲಯಗಳ ಯೋಜನೆಯಲ್ಲಿ ವಿದ್ಯುತ್ ಬಿಲ್ಲಿಗೆ ಇಷ್ಟು ಮುಂದಾಲೋಚನೆ ಇದ್ದೀತು!

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆ ಕಂಬದ ಮೇಲಿನ ಇನ್ನೊಂದು ವಿಧಿ. ರಾಜಾಶ್ರಯವೊಂದನ್ನೇ ನಂಬದೆ ಊರವರ ಮೇಲೂ ಶಾಲೆಯ ಹೊಣೆ ಹಾಕಿದ್ದರು. ಊರಿನ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಮಗುವಿನ ಚೌಲವಾದರೆ ಒಂದೂಕಾಲು. ಮನೆಯ ಸಂತೋಷದಲ್ಲಿ ಓದುವ ಮಕ್ಕಳಿಗೊಂದು ಪಾಲು. ಅಂದಿನ ಆ ಶಾಲೆ ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಆ ಮಾತನ್ನು ಈ ನೆಲದಲ್ಲೇ ಹುಟ್ಟಿದ ಶರಣರು ಎರಡು ಶತಮಾನಗಳ ನಂತರ ಎತ್ತಿದರು. ಆದರೂ ಸಾವಿರ ವರ್ಷಗಳ ಹಿಂದೆ ದೂರದ ನಾಡುಗಳ ಹುಡುಗರು ಬುತ್ತಿ ಕಟ್ಟಿಕೊಂಡು ಓದಲು ಬರುತ್ತಿದ್ದುದು ಇಂಡಿಯ ಕಡೆಗೆ ಎಂಬುದು ಕಲ್ಲಿನ ಮೇಲೆ ಬರೆದಿರುವ ಮಾತು.

ಶಾಸನದಲ್ಲಿ ಈ ಊರಿನ ಹೆಸರು ಪಾವಿಟ್ಟಗೆ. ಶಾಲೆ ಬಂದ ಮೇಲೆ ಅದು ಶಾಲಾಪಾವಿಟ್ಟಗೆಯಾಗಿ, ಜನರ ನಾಲಗೆಯ ಮೇಲೆ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಊಹಿಸಿದ್ದಾರೆ. 27 ಮನೆಗಳು ಹೋದವು, ದೀಪದ ಹೊಲಗಳು ಯಾರ್ಯಾರದೋ ಹೆಸರಿಗೆ ಬಂದವು. ಇಂಡಿಯ ಬಸ್ಸು ನಿಲ್ದಾಣದಲ್ಲಿ ಕಂಡಕ್ಟರು ಸಾಲೋಟಗಿ, ಸಾಲೋಟಗಿ ಎಂದು ಕೂಗುವಾಗ ಅದರ ಮೊದಲ ಎರಡಕ್ಷರ ಆ ಶಾಲೆಯದು.